ಪ್ರಸ್ಥಾನ ಇಟ್ಟ ಮೇಲೆ

ನಾಸಿಕ್‌ನಿಂದ ಸಮುದ್ರ ಅರ್ಧ ದಿನದ ದಾರಿ ಎನ್ನುವುದು ನಮಗೆ ತಿಳಿದದ್ದು ಆ ಊರಿಗೆ ವರ್ಗವಾಗಿ ಬಂದ ಎರಡನೆಯ ವರ್ಷ. ಎಂಬತ್ತರ ದಶಕದ ಕೊನೆಯ ಮಾತು ಇದು. ನಮ್ಮ ಮನೆಯವರಿಗೆ ಬ್ಯಾಂಕಿನಲ್ಲಿ ಕೆಲಸ. ಧಾರವಾಡದಿಂದ ಎತ್ತಿ ಮೊದಲು ಔರಂಗಾಬಾದಿಗೆ ಹಾಕಿದರು, ಅಲ್ಲಿ ಮೂರು ವರ್ಷ ಒಣಗಿಸಿದ ಮೇಲೆ ನಾಸಿಕ್‌ಗೆ ಹಾಕಿದರು. ಔರಂಗಾಬಾದಿಗೆ ಈಗ ಹೆಸರು ಬೇರೆಯಾಗಿದೆ. ನಾವಿದ್ದಾಗ ಅಲ್ಲಿ ನಲ್ಲಿಯ ನೀರಿಗೇ ಕೊಡ ಹಿಡಿದು ಕಾಯುತ್ತಿದ್ದೆವು, ಸಮುದ್ರದ ಯೋಚನೆ ಯಾರಿಗೆ ಬರಬೇಕು? ನಾಸಿಕ್‌ನಲ್ಲಿ ಇವರ ಸಹೋದ್ಯೋಗಿಯೊಬ್ಬರು ಡಹಾಣೂ ದಂಡೆಗೆ ಹೋಗಿಬಂದು ನಮಗೊಂದು ಚೀಲ ಚಿಕ್ಕು ಹಣ್ಣು ಕೊಟ್ಟುಹೋದರು. ಅದನ್ನು ತಿನ್ನುತ್ತ ಇವರು ಹೇಳಿದರು, ಬೆಳಿಗ್ಗೆ ಕಾರು ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಸಮುದ್ರದ ದಂಡೆಯಲ್ಲಿರಬಹುದು ಎಂದು.

ಆ ಮಾತು ಅತ್ತೆಯ ಕಿವಿಗೆ ಬಿತ್ತು. ಅತ್ತೆ ಎಂದರೆ ಇವರ ತಾಯಿ, ನವಲಗುಂದದ ಕಡೆಯ ಎರೆಮಣ್ಣಿನ ಊರಿನವರು, ಆಗ ಎಪ್ಪತ್ತರ ಹತ್ತಿರ ಇದ್ದರು. ಅವರು ಕಂಡ ಅತಿ ದೊಡ್ಡ ನೀರೆಂದರೆ ಮಲಪ್ರಭೆಯ ಕಾಲುವೆ.

“ಅರ್ಧ ದಿನದಾಗ ಸಮುದ್ರ ಸಿಗತೈತಿ ಅಂದ್ರ, ನೋಡದ ಸತ್ರ ಮ್ಯಾಲಿನವರು ನಗತಾರ ನೋಡು,” ಎಂದರು.

ಕೇಳಿದ್ದು ಅಷ್ಟೇ. ಅವರು ಏನನ್ನೂ ಎರಡು ಸಲ ಕೇಳುವವರಲ್ಲ. ಕೇಳಿದ್ದು ಸಿಗದಿದ್ದರೆ ಮಾತ್ರ ತಿಂಗಳುಗಟ್ಟಲೆ ಪಾತ್ರೆ ಕುಕ್ಕುವವರು. ಹನ್ನೆರಡು ವರ್ಷ ಒಂದೇ ಒಲೆಯ ಮುಂದೆ ಅವರೊಂದಿಗೆ ಕಳೆದ ನನಗೆ ಅದು ಚೆನ್ನಾಗಿ ಗೊತ್ತಿತ್ತು. ನಾನೂ ಬಾಯಿ ಬಿಗಿಹಿಡಿದು ಬಾಳುವ ಜಾತಿಯಲ್ಲ. ಮಜ್ಜಿಗೆಗೆ ಎಷ್ಟು ನೀರು ಹಾಕಬೇಕೆನ್ನುವುದರಿಂದ ಹಿಡಿದು ಬಾಗಿಲು ಯಾವಾಗ ಮುಚ್ಚಬೇಕೆನ್ನುವವರೆಗೆ ನಮ್ಮಿಬ್ಬರ ಜಗಳ ನಡೆಯುತ್ತಿತ್ತು. ಆದರೂ ಸಮುದ್ರದ ವಿಷಯದಲ್ಲಿ ಮೊದಲ ಸಲ ನಾವಿಬ್ಬರೂ ಒಂದು ಪಕ್ಷವಾದೆವು.

ಇವರು ಯೋಜನೆ ಹಾಕತೊಡಗಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಮನುಷ್ಯ. ಔರಂಗಾಬಾದ್ ಬಿಡುವಾಗ ಅಲ್ಲಿಯ ಅಧಿಕಾರಿಯೊಬ್ಬರಿಂದ ಹಳೆಯ ಬೂದು ಕಾರೊಂದನ್ನು ಕೊಂಡಿದ್ದರು, ನಾಸಿಕ್‌ಗೆ ತಂದ ಮೇಲೆ ಅದನ್ನು ಪಕ್ಕದ ಸಿನ್ನರ್ ಕೂಡ ದಾಟಿಸಿರಲಿಲ್ಲ. ಈಗ ರಸ್ತೆಯ ನಕಾಶೆಯೊಂದನ್ನು ತಂದು ಊಟದ ಕೋಣೆಯ ಗೋಡೆಗೆ ಅಂಟಿಸಿದರು. ಹೊಲಿಗೆ ದಾರವನ್ನು ರಸ್ತೆಯ ತಿರುವುಗಳಿಗೆ ಸರಿಯಾಗಿ ಬಾಗಿಸಿ ಹಿಡಿದು, ಬಳಿಕ ನೇರ ಮಾಡಿ, ಫೂಟ್‌ಪಟ್ಟಿಯಿಂದ ಅಳೆದರು. ತ್ರ್ಯಂಬಕ, ಮೋಖಾಡಾ, ಜವ್ಹಾರ್, ಚಾರೋಟಿ, ಡಹಾಣೂ. ಒಂದೊಂದು ಊರಿಗೂ ಪೆನ್ಸಿಲಿನ ಚುಕ್ಕೆ, ಚುಕ್ಕೆಯ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಗಂಟೆ ನಿಮಿಷ. ಘಟ್ಟದಲ್ಲಿ ಇಂಜಿನ್ ಕಾದರೆ ಹಾಕಲು ಎರಡು ಡಬ್ಬಿ ನೀರು, ಒಂದು ಹೆಚ್ಚಿನ ಫ್ಯಾನ್ ಬೆಲ್ಟ್, ಪಂಕ್ಚರಿನ ಸಾಮಾನು, ಎಲ್ಲಕ್ಕೂ ಪಟ್ಟಿ.

ದಿನ ಗೊತ್ತು ಮಾಡಿದ್ದು ಅತ್ತೆ. ಸಮುದ್ರವನ್ನು ಪರ್ವದ ದಿನವಲ್ಲದೆ ಮುಟ್ಟಬಾರದು, ಅಮಾವಾಸ್ಯೆ ಇಲ್ಲವೆ ಹುಣ್ಣಿಮೆ ಆಗಬೇಕು ಎಂದರು. ಎಳ್ಳಮಾವಾಸ್ಯೆ ಹತ್ತಿರವಿತ್ತು. ಊರಿನಲ್ಲಿದ್ದರೆ ಆ ದಿನ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಬನ್ನಿಗಿಡದ ಕೆಳಗೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣಬೇಕು. ನಾಸಿಕ್‌ನಲ್ಲಿ ನಮಗೆಲ್ಲಿಯ ಹೊಲ? ಈ ವರ್ಷ ಸಮುದ್ರಕ್ಕೇ ಚರಗ ಚೆಲ್ಲೋಣ ಎಂದರು. ಅಮಾವಾಸ್ಯೆ ಭಾನುವಾರವೇ ಬಂದಿತ್ತಾದ್ದರಿಂದ ಇವರೂ ಒಪ್ಪಿದರು.

ತೊಡಕು ಎದ್ದದ್ದು ಇಲ್ಲೇ. ಅಮಾವಾಸ್ಯೆಯ ದಿನ ಮನೆ ಬಿಟ್ಟು ಪ್ರಯಾಣ ಹೊರಡುವಂತಿಲ್ಲ. ಅದರ ಮೇಲೆ ಭಾನುವಾರ ಪಡುವಣಕ್ಕೆ ಶೂಲ, ಆ ದಿಕ್ಕಿಗೆ ಹೊರಡಬಾರದು. ನಾನು ನಕ್ಕೆ, ಪಂಚಾಂಗ ಕೇಳಿದರೆ ಬ್ಯಾಂಕಿನವರು ರಜೆ ಕೊಡುತ್ತಾರೆಯೇ ಎಂದು. ಅತ್ತೆಯ ಬಳಿ ಉಪಾಯವಿತ್ತು. ಹೊರಡುವ ದಿನ ಒಳ್ಳೆಯದಿಲ್ಲದಿದ್ದರೆ ಅದಕ್ಕೂ ಮುಂಚೆ ಒಂದು ಒಳ್ಳೆಯ ದಿನ ಪ್ರಸ್ಥಾನ ಇಡುತ್ತಾರೆ. ಹೊರಡುವವರು ಉಡುವ ಬಟ್ಟೆಯಲ್ಲಿ ಅಕ್ಕಿ, ಅಡಿಕೆ, ಅರಿಶಿನ ಕೊಂಬು ಕಟ್ಟಿ, ಹೋಗಬೇಕಾದ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟುಬರುವುದು. ಗಂಟು ಹೊಸ್ತಿಲು ದಾಟಿತೆಂದರೆ ಪ್ರಯಾಣ ಶುರುವಾದಂತೆಯೇ ಲೆಕ್ಕ. ಆಮೇಲೆ ಮೈ ಯಾವಾಗ ಹೊರಟರೂ ದೋಷವಿಲ್ಲ. ಆದರೆ ಒಂದು ನಿಯಮವುಂಟು. ಇಟ್ಟ ಗಂಟನ್ನು ಮನೆಗೆ ತಿರುಗಿ ತರುವಂತಿಲ್ಲ, ಹೋಗುವಾಗ ಜತೆಗೇ ಒಯ್ಯಬೇಕು. ಹಿರಿಯರೊಬ್ಬರದು ಇಟ್ಟರೆ ಮನೆಯವರೆಲ್ಲರದೂ ಇಟ್ಟಂತೆ ಎಂದು ಅತ್ತೆ ಗುರುವಾರ ಬೆಳಿಗ್ಗೆ ತಮ್ಮದೊಂದು ಹಸಿರು ಇಳಕಲ್ ಸೀರೆಯಲ್ಲಿ ಗಂಟು ಕಟ್ಟಿದರು. ನಮ್ಮ ಪಡುವಣ ಗೋಡೆಯ ಆಚೆಯ ಮನೆಯಲ್ಲಿ ನಾಗಪುರದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಒಂಟಿಯಾಗಿದ್ದರು. ಮರಾಠಿಗರಲ್ಲೂ ಆ ಪದ್ಧತಿ ಇದೆಯಂತೆ, ಅವರು ಏನೂ ಕೇಳದೆ ಗಂಟನ್ನು ದೇವರ ಗೂಡಿನ ಕೆಳಗೆ ಇಟ್ಟುಕೊಂಡರು.

ಶನಿವಾರ ಮಧ್ಯಾಹ್ನ ಬ್ಯಾಂಕಿಗೆ ತಪಾಸಣೆಯವರು ಬಂದಿಳಿದರು. ಭಾನುವಾರವೂ ಬರಬೇಕು, ಮುಂದಿನ ಎರಡು ವಾರ ರಜೆ ಗಿಜೆ ಇಲ್ಲ ಎಂದು ಇವರಿಗೆ ಅಪ್ಪಣೆಯಾಯಿತು. ಪಾಪ, ಫ್ಯಾನ್ ಬೆಲ್ಟ್ ಕೈಯಲ್ಲಿ ಹಿಡಿದುಕೊಂಡೇ ತಾಯಿಗೆ ಸುದ್ದಿ ಹೇಳಿದರು. ಎರಡು ವಾರಕ್ಕೆ ಬರುವ ಬನದ ಹುಣ್ಣಿಮೆಗೆ ಖಂಡಿತ ಹೋಗೋಣ ಎಂದರು. ಪಾತ್ರೆ ಕುಕ್ಕುವ ಸದ್ದಿಗೆ ನಾನು ಸಿದ್ಧಳಾಗಿದ್ದೆ.

ಅತ್ತೆ ಸಿಟ್ಟಾಗಲಿಲ್ಲ. “ನೀವು ಯಾವಾಗ ಬರ್ತೀರಿ ಬರ್ರಿ,” ಎಂದರು, “ನಂದು ಹೊಂಟಾತು.”

ಮರುದಿನದಿಂದ ಅವರು ದೇವರಿಗೆ ದೀಪ ಹಚ್ಚಲಿಲ್ಲ. ಅದು ಅವರದೇ ಕೆಲಸವಾಗಿತ್ತು, ಒಂದು ದಿನವೂ ನನಗೆ ಬಿಟ್ಟುಕೊಟ್ಟವರಲ್ಲ. ಅಡಿಗೆಮನೆಗೆ ಬಂದು ಸಾರಿನ ಉಪ್ಪು ನೋಡಲಿಲ್ಲ. ಬಿಸಿ ಅನ್ನ ಮುಟ್ಟದೆ, ಬುತ್ತಿಗೆಂದು ನಾನು ಮಾಡಿಟ್ಟಿದ್ದ ಒಣ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನೇ ಇಷ್ಟಿಷ್ಟು ತಿಂದರು. ಹಾಸಿಗೆಯನ್ನು ಬೆಳಗಾದ ಕೂಡಲೇ ಸುತ್ತಿ ಹಗ್ಗ ಕಟ್ಟಿ ಬಾಗಿಲ ಬಳಿ ನಿಲ್ಲಿಸುತ್ತಿದ್ದರು. ಹಟ ಎಂದುಕೊಂಡೆ. ಇರಲಿ, ನನಗೇನು, ಅಡಿಗೆಮನೆಯಲ್ಲಿ ನೆಮ್ಮದಿಯಾಯಿತು ಎಂದೂ ಅಂದುಕೊಂಡೆ, ಸುಳ್ಳೇಕೆ ಹೇಳಲಿ.

ಸೋಮವಾರ ಮಧ್ಯಾಹ್ನ ಮಲಗಿ ಎದ್ದವರು ಚಹಾ ಹಿಡಿದುಕೊಂಡು ಹೋದ ನನಗೆ, “ತ್ರ್ಯಂಬಕದ ಗುಡ್ಡ ಹಿಂದ ಬಿತ್ತು,” ಎಂದರು.

“ಕನಸಿನಾಗ ಹೋಗಿದ್ರೇನ್ರಿ ಅತ್ತೀ?”

“ಕನಸ್ಯಾಕ? ನಡಕೋಂತ ಹೊಂಟೀನಿ.”

ನಾನು ಸಂಜೆ ಅದನ್ನೇ ಹೇಳಿ ಇವರನ್ನು ನಗಿಸಿದೆ. ದಿನಾ ಒಂದು ಸುದ್ದಿ ಬರತೊಡಗಿತು. ಮಂಗಳವಾರ, ರಸ್ತೆ ಇಳಿಯುತ್ತಿದೆ, ಮಣ್ಣು ಕೆಂಪಾಯಿತು. ಬುಧವಾರ, ಎರಡೂ ಕಡೆ ಸಾಗುವಾನಿ ಮರ, ಎಲೆ ಮೊರದಷ್ಟು ಅಗಲ, ಕಾಲಿಟ್ಟರೆ ಹಪ್ಪಳ ಮುರಿದ ಹಾಗೆ ಸದ್ದು. ಗುರುವಾರ, ನೀಲಿ ಬಾಗಿಲಿನ ಒಂದು ಅಂಗಡಿ, ಮುಚ್ಚಿದೆ, ಅದರ ಮುಂದೆ ಒಬ್ಬ ಮನುಷ್ಯ ಬಿಸಿಲಿಲ್ಲದಿದ್ದರೂ ಕೊಡೆ ಬಿಚ್ಚಿಕೊಂಡು ಕೂತಿದ್ದಾನೆ, ಮಾತಾಡಿಸಿದರೆ ಮಾತಾಡಲಿಲ್ಲ. ಹೇಳುವಾಗ ಅತ್ತೆಯ ದನಿ ಕತೆ ಹೇಳುವವರ ದನಿಯಾಗಿರಲಿಲ್ಲ, ಸಂತೆಯಿಂದ ಬಂದವರು ಕಾಯಿಪಲ್ಯದ ಧಾರಣೆ ಹೇಳುವಂತಿತ್ತು.

“ಊರ ಹೆಸರ ನಾನು ಬಾಯಿ ಬಿಟ್ಟು ಓದತಿದ್ನೆಲ್ಲ, ಅವ್ವನ ಕಿವ್ಯಾಗ ಕುಂತಾವ,” ಎಂದರು ಇವರು. ಊರಿನ ಹೆಸರು ಸರಿ. ಕೆಂಪು ಮಣ್ಣನ್ನು ಇವರು ಎಲ್ಲಿ ಓದಿದ್ದರು? ಇವರಾದರೂ ಆ ರಸ್ತೆಯನ್ನು ಕಂಡವರಲ್ಲ.

ಆ ಶುಕ್ರವಾರ ಅತ್ತೆಯ ಕಾಲೊರೆಸುವ ಬಟ್ಟೆಯನ್ನು ಒಗೆಯಲು ನೆನೆಹಾಕಿದೆ. ನೀರು ಕೆಂಪಗಾಯಿತು. ನಮ್ಮ ಬಡಾವಣೆಯ ಮಣ್ಣು ಕಪ್ಪು. ಬಟ್ಟೆ ಎತ್ತಿ ಮತ್ತೆ ಮುಳುಗಿಸಿ ನೋಡಿದೆ. ಒಂದು ಗಳಿಗೆಯ ಮೇಲೆ ಬುದ್ಧಿ ಬಂತು, ಹಿಂದಿನ ನಿವೇಶನದಲ್ಲಿ ಮನೆ ಕಟ್ಟುತ್ತಿದ್ದರು, ಇಟ್ಟಿಗೆಯ ಪುಡಿ ಇರಬೇಕು ಎಂದು. ಅಲ್ಲಿ ದುಡಿಯುತ್ತಿದ್ದವರು ವಿಜಾಪುರದ ಕಡೆಯ ಹೆಂಗಸರು. ಕನ್ನಡದ ಮಾತು ಸಿಗುತ್ತದೆಂದು ಅತ್ತೆ ದಿನಾ ಸಂಜೆ ಅವರೊಂದಿಗೆ ಹರಟೆಗೆ ಹೋಗುತ್ತಿದ್ದರು. ಊರೂರು ತಿರುಗುವ ಜನ, ಆ ದಾರಿಯ ಸುದ್ದಿಯನ್ನೂ ಅವರೇ ಹೇಳಿರಬೇಕು. ನನಗೆ ಎಷ್ಟು ಹಗುರವಾಯಿತೆಂದರೆ ಕೈ ಕೂಡ ಒರೆಸಿಕೊಳ್ಳದೆ ಅಲ್ಲಿಗೆ ನಡೆದೆ.

ಜಲ್ಲಿ ಹೊರುತ್ತಿದ್ದ ಹೆಂಗಸು ಬುಟ್ಟಿ ಇಳಿಸಿ, “ಆಯಿ ಈ ಕಡೆ ಬರಲಾರದ ಎಂಟು ದಿನಾ ಆತ್ರಿ,” ಎಂದಳು. “ನಾವಽ ಕೇಳಬೇಕಂತಿದ್ವಿ, ಊರಿಗೆ ಹೋದ್ರೇನ್ರಿ?”

“ಮೋಖಾಡಾ ಕಡೆ ಕೆಲಸಕ್ಕ ಹೋಗಿದ್ರೇನು ನೀವು?”

“ಇಲ್ರೀ, ನಾವು ಸಿನ್ನರದಾಗಿಂದ ಇಲ್ಲೇ ಬಂದೇವಿ. ಆ ಕಡೆ ಏನೈತಿ ನಮಗ ಗೊತ್ತಿಲ್ಲ.”

ಎಂಟು ದಿನ ಎಂದರೆ ಸರಿಯಾಗಿ ಗಂಟು ಇಟ್ಟ ಗುರುವಾರದಿಂದ. ಮನೆಗೆ ಬರುವಾಗ ಪಕ್ಕದ ಶಿಕ್ಷಕಿ ಗೇಟಿನಲ್ಲಿ ನಿಂತಿದ್ದರು. “ಅಹೋ, ತುಮಚ್ಯಾ ಸಾಸೂಬಾಯಿ...” ಎಂದು ಶುರು ಮಾಡಿದರು. ನಿಮ್ಮ ಅತ್ತೆ ಮಧ್ಯಾಹ್ನ ಬರಿಗಾಲಲ್ಲಿ ನಮ್ಮ ಮನೆಯ ಮುಂದಿನಿಂದ ಹೋದರು, ಮೂರು ಸಲ ಕೂಗಿದೆ, ತಿರುಗಿ ನೋಡಲಿಲ್ಲ, ಈ ಚಳಿಯಲ್ಲಿ ಚಪ್ಪಲಿಯಾದರೂ ಹಾಕಲು ಹೇಳಿ ಎಂದರು. ಎಷ್ಟು ಹೊತ್ತಿಗೆ ಎಂದು ಕೇಳಿದೆ. ಎರಡೂವರೆ ಇರಬಹುದು ಎಂದರು. ಎರಡೂವರೆಗೆ ಅತ್ತೆ ನಮ್ಮ ನಡುಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಎರಡು ಮಾರು ದೂರದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಒಮ್ಮೆಯೂ ಎದ್ದುಹೋಗಿರಲಿಲ್ಲ. ಶಿಕ್ಷಕಿಗೆ ಹಾಗೆಂದು ಹೇಳಲಿಲ್ಲ. ಆತು, ಹೇಳುತ್ತೇನೆ ಎಂದು ಒಳಗೆ ಬಂದೆ.

ಅವತ್ತು ನಾನು ನಗುವುದನ್ನು ಬಿಟ್ಟೆ. ಗೋಡೆಯ ನಕಾಶೆಯ ಮುಂದೆ ನಿಂತು, ಇವರ ದಾರವನ್ನೇ ತೆಗೆದುಕೊಂಡು, ಅತ್ತೆ ಹೇಳಿದ್ದನ್ನು ದಿನವಾರು ಇಟ್ಟು ನೋಡಿದೆ. ಸೋಮವಾರ ತ್ರ್ಯಂಬಕ ದಾಟಿದ್ದು. ಶುಕ್ರವಾರ ಮೋಖಾಡಾದ ಆಚೆ. ಒಂದೊಂದು ದಿನಕ್ಕೂ ಹೆಚ್ಚುಕಡಿಮೆ ಒಂದೇ ಅಳತೆಯ ದಾರ ಹೋಗುತ್ತಿತ್ತು. ಅದು ಕಾರಿನ ಲೆಕ್ಕವಲ್ಲ, ಬಸ್ಸಿನದೂ ಅಲ್ಲ, ಕಾಲುನಡಿಗೆಯಲ್ಲಿ ಹೋಗುವ ಮುದುಕಿಯೊಬ್ಬಳ ಲೆಕ್ಕ. ಅದೇ ಅಳತೆಯಲ್ಲಿ ಮುಂದಕ್ಕೆ ದಾರ ಸರಿಸುತ್ತ ಹೋದೆ. ಬನದ ಹುಣ್ಣಿಮೆಯ ದಿನ ದಾರ ಸಮುದ್ರ ಮುಟ್ಟಿತು.

ಮುಟ್ಟಿದ ಮೇಲೆ ಏನು? ಈ ಪ್ರಶ್ನೆ ಬಂದದ್ದೇ ದಾರವನ್ನು ಕೈಬಿಟ್ಟೆ. ಪ್ರಯಾಣ ಮುಗಿದ ಮೇಲೆ ಇಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಏಳುತ್ತಾರೆಯೇ? ಅತ್ತೆ ಸಾಯುತ್ತಾರೆ ಎಂದು ನನಗೆ ಖಚಿತವಾಯಿತು. ನಾವು ಜತೆಗಿಲ್ಲದೆ, ತಾವೊಬ್ಬರೇ ನಡೆದುಹೋಗಿ, ಸಮುದ್ರ ನೋಡಿ ಅಲ್ಲಿಂದಲೇ ಹೋಗಿಬಿಡುತ್ತಾರೆ. ಅವರು ಮುಟ್ಟುವ ಮೊದಲು ಅವರ ಮೈಯನ್ನು ಕಾರಿನಲ್ಲಿ ಹಾಕಿ ಅಲ್ಲಿಗೆ ಒಯ್ಯಬೇಕು. ಇದೊಂದೇ ನನ್ನ ತಲೆಯಲ್ಲಿ ಉಳಿಯಿತು. ಓದಿದವಳು ನಾನು, ಪಂಚಾಂಗಕ್ಕೆ ನಕ್ಕವಳು. ಈಗ ನಗಬೇಕಾದರೆ ನೀವು ನಗಬಹುದು, ನನಗೆ ಆಗ ನಗು ಬರಲಿಲ್ಲ.

ಇವರಿಗೆ ಹೇಳಿದರೆ ತಪಾಸಣೆ ಮುಗಿಯಲಿ ಎಂದರು. ನಾನು ಏರಿಗೆ ಎಳೆದರೆ ಅವರು ನೀರಿಗೆ ಎಳೆಯುವವರು, ಅದೇನು ಹೊಸದಲ್ಲ. ಅಷ್ಟರಲ್ಲಿ ಎರಡನೆಯ ವಾರ ಶುರುವಾಯಿತು. ಅತ್ತೆ ಜವ್ಹಾರ್ ದಾಟಿದರು. ಅವರ ವರ್ತನೆ ನನಗೆ ಇನ್ನಷ್ಟು ಮುಳ್ಳಾಯಿತು. ನೀರು ಬೇಕಾದರೆ ಬಾಗಿಲಲ್ಲಿ ನಿಂತು, “ಒಂದೀಟು ನೀರು ಕೊಡ್ತೀರೇನ್ರಿ?” ಎಂದು ಕೇಳುತ್ತಿದ್ದರು. ಕುಡಿದು, “ಪುಣ್ಯಾ ಬರತೈತಿ ನಿಮಗ,” ಎನ್ನುತ್ತಿದ್ದರು. ಹನ್ನೆರಡು ವರ್ಷದಲ್ಲಿ ಎಷ್ಟು ಬಗೆಯ ಚುಚ್ಚುಮಾತು ಕೇಳಿದ್ದೆನೋ, ಇದು ಹೊಸ ಬಗೆ ಎಂದುಕೊಂಡೆ. ಒಮ್ಮೆ ತಡೆಯಲಾರದೆ, “ಸಾಕು ಮಾಡ್ರಿ ಅತ್ತೀ, ಇದು ನಿಮ್ಮ ಮನೀನ ಐತಿ,” ಎಂದು ರೇಗಿದೆ. ಅವರು ಹೆದರಿದಂತೆ ಒಂದು ಹೆಜ್ಜೆ ಹಿಂದೆ ಸರಿದರು. ಅದು ನನ್ನನ್ನು ಇನ್ನೂ ರೇಗಿಸಿತು.

ಬುಧವಾರ ಮಧ್ಯಾಹ್ನ ಎದ್ದು ಕೂತವರು ಮೂಗು ಎತ್ತಿ ವಾಸನೆ ಹಿಡಿದರು. “ತಾಳೀಗಿಡ ಹತ್ತಿದುವು. ಗಾಳಿ ಬ್ಯಾರೆ ಆತು, ನಾಲಿಗಿಗೆ ಉಪ್ಪುಪ್ಪು,” ಎಂದರು.

ಹುಣ್ಣಿಮೆಗೆ ಇನ್ನೂ ನಾಲ್ಕು ದಿನವಿತ್ತು. ಅವರು ನಡಿಗೆ ಚುರುಕು ಮಾಡಿದ್ದರು. ಇವರು ಬ್ಯಾಂಕಿನಿಂದ ಬಂದ ಕೂಡಲೇ ನಾನು ಬೂಟು ಬಿಚ್ಚಲೂ ಬಿಡಲಿಲ್ಲ. “ನಾಳೆ ಹೋಗಬೇಕ್ರಿ. ನಿಮಗ ಜ್ವರ ಬಂದಾವ ಅಂತ ಚೀಟಿ ಬರದು ಕಳಸ್ರಿ. ನಿಮ್ಮ ಬ್ಯಾಂಕ್ ಒಂದು ದಿನಕ್ಕ ಮುಳುಗಂಗಿಲ್ಲ. ಇಲ್ಲಂದ್ರ ನಾನಽ ಬಾಡಿಗಿ ಗಾಡಿ ಮಾಡಿ ಅತ್ತೀನ ಕರಕೊಂಡು ಹೋಗತೀನಿ,” ಎಂದೆ. ನನ್ನ ಮುಖದಲ್ಲಿ ಏನು ಕಂಡರೋ, ಇವರು ವಾದ ಮಾಡಲಿಲ್ಲ. ನಾಳೆ ಪರ್ವವಲ್ಲ, ಅವ್ವ ನೀರು ಮುಟ್ಟುವುದಿಲ್ಲ ಎಂದಷ್ಟೇ ಹೇಳಿದರು. ಮುಟ್ಟದಿದ್ದರೆ ಬೇಡ, ನೋಡಲಿ ಎಂದೆ.

ಬೆಳಿಗ್ಗೆ ಆರಕ್ಕೆ ಹೊರಟೆವು. ಮಂಜು ಎಷ್ಟಿತ್ತೆಂದರೆ ಗೇಟು ತೆಗೆದ ಶಿಕ್ಷಕಿಯ ಕೈ ಮಾತ್ರ ಕಂಡಿತು, ಕೈಯಲ್ಲಿ ಗಂಟು. ನಾನು ಅದನ್ನು ಹಿಂದಿನ ಸೀಟಿನಲ್ಲಿದ್ದ ಅತ್ತೆಯ ತೊಡೆಯ ಮೇಲಿಟ್ಟೆ. ಅವರು ಸೀರೆಯ ಅಂಚನ್ನು ಮುಟ್ಟಿ ನೋಡಿ, “ಯಾರದು ಇದು? ಜ್ವಾಕೀಲೆ ಇಡ್ರಿ, ಹುಡಕತಿರತಾರ,” ಎಂದು ಪಕ್ಕಕ್ಕೆ ಸರಿಸಿದರು. ನಿದ್ದೆಗಣ್ಣು ಎಂದುಕೊಂಡೆ.

ತ್ರ್ಯಂಬಕ ಕಳೆದ ಮೇಲೆ ಮಂಜು ಹರಿಯಿತು. ರಸ್ತೆ ಇಳಿಯತೊಡಗಿತು. ಮಣ್ಣು ಕೆಂಪಾಯಿತು. ಇವರು ಸ್ಟೇರಿಂಗ್ ಬಿಗಿಹಿಡಿದು ಮುಂದೆ ಬಾಗಿ ಓಡಿಸುತ್ತಿದ್ದರು, ನಾನು ಕಿಟಕಿಯಲ್ಲಿ ನೋಡುತ್ತಿದ್ದೆ. ಸಾಗುವಾನಿಯ ಒಣ ಎಲೆಗಳು ಚಕ್ರದ ಕೆಳಗೆ ಸದ್ದು ಮಾಡಿದವು. ಮೋಖಾಡಾದ ಹತ್ತಿರ ನೀಲಿ ಬಾಗಿಲಿನ ಅಂಗಡಿ ಬಂತು. ಬಾಗಿಲು ತೆರೆದಿತ್ತು, ಕೊಡೆಯ ಮನುಷ್ಯನಿರಲಿಲ್ಲ, ಹುಡುಗಿಯೊಬ್ಬಳು ಬೀಡಿಕಟ್ಟು ಮಾರುತ್ತಿದ್ದಳು. ನೀಲಿ ಬಾಗಿಲು ಯಾವ ಊರಿನಲ್ಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಂಗಡಿಯ ಮುಂದೆ ಒಂದು ಖಾಲಿ ಕಲ್ಲು ಇತ್ತು. ಕಾರು ದಾಟುವವರೆಗೆ ಆ ಹುಡುಗಿ ನಮ್ಮ ಹಿಂದಿನ ಕಿಟಕಿಯನ್ನೇ ನೋಡುತ್ತಿದ್ದಳು, ಮೊದಲೇ ಕಂಡವರನ್ನು ನೋಡುವಂತೆ. ಹಿಂದೆ ತಿರುಗಿ ನೋಡಿದೆ. ಅತ್ತೆ ಕಣ್ಣು ಮುಚ್ಚಿದ್ದರು. ದಾರಿಯುದ್ದಕ್ಕೂ ಅವರು ಒಮ್ಮೆಯೂ ಹೊರಗೆ ನೋಡಲಿಲ್ಲ. ನಾನು ನಿಮಿಷಕ್ಕೊಮ್ಮೆ ಅವರ ಸೆರಗು ಏಳುವುದು ಬೀಳುವುದನ್ನು ನೋಡುತ್ತ, ಉಸಿರಿದೆ, ಇನ್ನೂ ಇದ್ದಾರೆ ಎಂದು ಎಣಿಸುತ್ತ ಹೋದೆ.

ಇಂಜಿನ್ ಕಾಯಲಿಲ್ಲ, ಬೆಲ್ಟ್ ಹರಿಯಲಿಲ್ಲ. ಇವರ ಗಂಟೆ ನಿಮಿಷ ತಪ್ಪದೆ ಹನ್ನೊಂದೂವರೆಗೆ ಡಹಾಣೂ ಮುಟ್ಟಿದೆವು. ಸರುವೆ ಮರಗಳ ಸಾಲಿನ ಹಿಂದೆ ಕಾರು ನಿಂತಿತು. ಅತ್ತೆ ಕಣ್ಣು ತೆರೆದು ತಾವಾಗಿ ಇಳಿದರು, ಮೊಣಕಾಲು ಹಿಡಿದುಕೊಳ್ಳಲಿಲ್ಲ, ನನ್ನ ಕೈಯನ್ನೂ ಕೇಳಲಿಲ್ಲ. ನನಗೆ ಅಳುವೇ ಬಂತು. ಗೆದ್ದೆ ಎಂದುಕೊಂಡೆ. ಅವರು ಬದುಕಿದ್ದಾರೆ, ಸಮುದ್ರಕ್ಕೆ ಬಂದಿದ್ದಾರೆ, ನಾವು ಜತೆಗಿದ್ದೇವೆ.

ಸಮುದ್ರ ಇಳಿದಿತ್ತು. ನಾನು ಅಂದುಕೊಂಡಂತೆ ಅಲೆ ಗಿಲೆ ಇರಲಿಲ್ಲ. ಕಣ್ಣು ಹರಿಯುವಷ್ಟು ದೂರ ಕಪ್ಪನೆಯ ಒದ್ದೆ ಮರಳು, ಅದರಾಚೆ ಎಲ್ಲೋ ಒಂದು ಬೂದು ಗೆರೆ. ಸದ್ದೂ ಇರಲಿಲ್ಲ. ದಂಡೆಯಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಇವರು ಎಳನೀರು ಸಿಗುತ್ತದೆಯೇ ನೋಡಿ ಬರುತ್ತೇನೆಂದು ರಸ್ತೆಯ ಕಡೆ ಹೋದರು. ಅತ್ತೆ ಮರಳಿನಲ್ಲಿ ಕಾಲು ಚಾಚಿ ಕೂತರು, ನಾನು ಪಕ್ಕದಲ್ಲಿ ಕೂತೆ. ಬಹಳ ಹೊತ್ತು ಅವರು ಆ ಗೆರೆಯನ್ನು ನೋಡಿದರು. ಆಶ್ಚರ್ಯವಿಲ್ಲ, ಕೈಮುಗಿಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಾಮಾನು ಇಳಿಸಿ ಕೂತವರ ಸಮಾಧಾನವಿತ್ತು ಅವರ ಮುಖದಲ್ಲಿ.

ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಮುಖ, ತಾಳಿ, ಸೀರೆ, ಒಂದೊಂದನ್ನೇ ನೋಡಿ ನಕ್ಕರು.

“ಯಾವೂರಾತ್ರಿ ನಿಮ್ಮದು?”

ಇಲ್ಲಿಯೂ ಚುಚ್ಚುಮಾತೇ ಎಂದು ಅವರ ಕಣ್ಣು ನೋಡಿದೆ. ಆ ಕಣ್ಣಿನಲ್ಲಿ ಚುಚ್ಚುವುದು ಏನೂ ಇರಲಿಲ್ಲ. ಹನ್ನೆರಡು ವರ್ಷ ನನ್ನ ಮೇಲೆ ಇದ್ದ ಸಿಟ್ಟು ಕೂಡ ಇರಲಿಲ್ಲ. ನನ್ನ ಬಾಯಿ ತಾನಾಗಿ, “ಧಾರವಾಡ್ರಿ,” ಎಂದಿತು.

“ಹಂಗಾರ ನಮ್ಮ ಕಡೆಯವರಽ. ನಾನೂ ಭಾಳ ದೂರಿಂದ ನಡಕೋಂತ ಬಂದೆ ನೋಡ್ರಿ. ಮನಿಯಾಗ ಅತ್ತಿ ಅದಾರೇನ್ರಿ ನಿಮಗ?”

“ಅದಾರ್ರಿ,” ಎಂದೆ.

“ಒಮ್ಮೆ ಕರಕೊಂಡು ಬರ್ರಿ ಅವರನ್ನ,” ಎಂದರು ಅತ್ತೆ. “ವಯಸ್ಸಾದವರು ಎರಡು ಸಲ ಬಾಯಿಬಿಟ್ಟು ಕೇಳಂಗಿಲ್ಲ. ನೋಡಬೇಕಂತ ಅವರ ಜೀವಕ್ಕೂ ಇರತೈತಿ.”

“ಆತ್ರಿ,” ಎಂದೆ. “ಕರಕೊಂಡು ಬರ್ತೀನಿ.”

ಅವರಿಗೆ ಸಮಾಧಾನವಾಯಿತು. ನನ್ನ ಕೈಯನ್ನು ಒಮ್ಮೆ ತಟ್ಟಿ ಮತ್ತೆ ನೀರಿನ ಕಡೆ ತಿರುಗಿದರು.